ಜೇಬಿಲ್ಲದ ಅಂಗಿ

ಬೀಗದ ಮಾಮ ಹೋದ ಮಂಗಳವಾರ ತೀರಿಕೊಂಡರು. ಸುದ್ದಿ ತಿಳಿದು ನಾನು ಹೋದಾಗ ಅವರ ಮನೆಯ ಮುಂದಿನ ಹಗ್ಗದ ಮೇಲೆ ಎರಡು ಅಂಗಿಗಳು ಇನ್ನೂ ಒಣಗುತ್ತಿದ್ದವು. ಎರಡಕ್ಕೂ ಜೇಬಿರಲಿಲ್ಲ. ಒಂದು ಹೊಸದು, ಜೇಬು ಬಿಚ್ಚಿದ ಕಡೆ ಸೂಜಿಯ ತೂತುಗಳು ಎದ್ದು ಕಾಣುತ್ತಿದ್ದವು. ಅಂಗಡಿಯಿಂದ ತಂದ ಅಂಗಿಯ ಜೇಬನ್ನು ಹೆಂಡತಿಯ ಕೈಲಿ ಬಿಚ್ಚಿಸಿ ಆಮೇಲೆ ತೊಡುವುದು ಅವರ ಇಪ್ಪತ್ತೆರಡು ವರ್ಷದ ಅಭ್ಯಾಸ. ಆ ಅಭ್ಯಾಸ ಹತ್ತಿಸಿದವಳು ನಾನು.

ಮಾಮನ ಅಂಗಡಿ ನಮ್ಮ ಬೀದಿಯ ತಿರುವಿನಲ್ಲಿ, ಟೈಲರ್ ಅಂಗಡಿಯ ಮೆಟ್ಟಿಲ ಕೆಳಗಿತ್ತು. ಅಂಗಡಿ ಎನ್ನುವುದು ಬರೀ ಮರ್ಯಾದೆಗೆ. ಒಬ್ಬರು ಕುಳಿತರೆ ಇನ್ನೊಬ್ಬರಿಗೆ ಕಾಲು ಇಡಲೂ ಜಾಗವಿಲ್ಲ. ಗೋಡೆಗೆ ಕಟ್ಟಿದ ತಂತಿಯಲ್ಲಿ ಇನ್ನೂ ಹಲ್ಲು ಕೊರೆಯದ ಬೀಗದಕೈಗಳು, ಕೆಳಗೆ ಬೀಗದಕೈ ಕಚ್ಚಿಸಿ ಹಿಡಿಯುವ ಒಂದು ವೈಸು, ಉಜ್ಜಲು ನಾಲ್ಕಾರು ಅರಗಳು. ಗೇಣುದ್ದದ ತುಕ್ಕು ಹಿಡಿದ ಬೀಗದಕೈ ಒಂದು ಮೂಲೆಯಲ್ಲಿ ನೇತಾಡುತ್ತಿತ್ತು. "ಇದು ಯಾವ ಬೀಗದ್ದು ಮಾಮ?" ಎಂದು ನಾನು ಕೇಳಿದರೆ, "ನಿನ್ನ ಬಾಯಿಗೆ ಹಾಕೋಕೆ ಇಟ್ಟಿದ್ದೀನಿ ಕಣೇ, ಬೀಗ ಇನ್ನೂ ಸಿಕ್ಕಿಲ್ಲ" ಎನ್ನುತ್ತಿದ್ದರು. ಸಿಕ್ಕಿದ್ದರೆ ಚೆನ್ನಾಗಿತ್ತು.

ಅವರದೊಂದು ಕಟ್ಟುನಿಟ್ಟು ಇತ್ತು. ಯಾರ ಮನೆಯ ಬೀಗ ತೆಗೆಯಲು ಹೋದರೂ ಮನೆಯವರು ಪಕ್ಕದಲ್ಲೇ ನಿಂತಿರಬೇಕು. ಬೀಗ 'ಟಕ್' ಎಂದ ಕೂಡಲೇ ಇವರು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. "ನೀವೇ ತೆಗೀರಿ ಅಕ್ಕಾ. ಬೀಗ ನನ್ನ ಕೆಲಸ, ಬಾಗಿಲು ನಿಮ್ಮದು." ಮನೆಯೊಡತಿ ತೆಗೆದು ನೋಡಿ ಮತ್ತೆ ಮುಚ್ಚುವವರೆಗೂ ಹಾಗೆಯೇ. ಶಾಲೆಯಲ್ಲಿ ಶಿಕ್ಷೆಗೆ ನಿಂತ ಮಕ್ಕಳ ಹಾಗೆ ಕಾಣುತ್ತಿದ್ದರು. ನಾವು ಮಕ್ಕಳೆಲ್ಲ ಮುಸಿಮುಸಿ ನಗುತ್ತಿದ್ದೆವು.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ಬೀರುವಿನ ಬೀಗದಕೈ ಕಳೆದುಕೊಂಡಳು. ಮಾಮ ಬಂದರು. ಬೀರುವಿನ ಬೀಗ ತೆಗೆದರು, ಒಳಗಿನ ಲಾಕರಿನದನ್ನೂ ತೆಗೆದರು, ಗೋಡೆಯ ಕಡೆ ತಿರುಗಿದರು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂತು. ಅಮ್ಮ ಬೀರುವನ್ನು ತೆರೆದದ್ದು ತೆರೆದಂತೆಯೇ ಬಿಟ್ಟು ಅಡುಗೆಮನೆಗೆ ಓಡಿದಳು. ಮಾಮ ಗೋಡೆಗೆ ಮುಖ ಮಾಡಿಕೊಂಡೇ "ಅಕ್ಕಾ, ಬೇಗ ಬನ್ನಿ ಅಕ್ಕಾ" ಎಂದು ಎರಡು ಸಲ ಕೂಗಿದರು. ನಾನು ಹೊಸ್ತಿಲ ಮೇಲೆ ಕುಳಿತಿದ್ದೆ. ಸೆಕೆಗೆ ಬೆವರುತ್ತಿದ್ದ ಅವರು ಜೇಬಿಗೆ ಕೈ ಹಾಕಿ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು, ಮಡಿಸಿ ಮತ್ತೆ ಜೇಬಿಗೆ ಹಾಕಿದರು. ನಾನು ಕಂಡದ್ದು ಇಷ್ಟೇ.

ಮೂರು ದಿನದ ಮೇಲೆ ನೆಂಟರ ಮನೆಗೆ ಹೊರಟಾಗ ಅಮ್ಮನ ಚಿನ್ನದ ಸರ ಕಾಣಲಿಲ್ಲ. ಮನೆಯೆಲ್ಲ ತಲೆಕೆಳಗಾಯಿತು. ಎದುರುಮನೆ ಅತ್ತೆ ಬಂದು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಕೆಟ್ಟವರೇನಲ್ಲ, ನನಗೆ ಜ್ವರ ಬಂದಾಗ ಹಗಲೆಲ್ಲ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದವರು.

"ಅಮ್ಮ ಒಳಗೆ ಹೋದಾಗ ನೀನಿದ್ದೆ ತಾನೇ?"

"ಹೂಂ."

"ಅವನು ಜೇಬಿಗೆ ಕೈ ಹಾಕಿದ್ನಾ?"

"ಹೂಂ."

ಅತ್ತೆ ಮುಂದೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ದೊಡ್ಡವರೆಲ್ಲ ನನ್ನ ಮುಖ ನೋಡುತ್ತಿದ್ದರು. ಅಷ್ಟು ಜನ ಒಟ್ಟಿಗೆ ನನ್ನ ಮಾತಿಗೆ ಕಿವಿಗೊಟ್ಟದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ, ನನಗೆ ಖುಷಿಯಾಗಿತ್ತು.

ಪೊಲೀಸರಿಗೆ ಯಾರೂ ಹೇಳಲಿಲ್ಲ, ಮಾಮನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರು ಇಲ್ಲ ಎನ್ನಬಹುದಿತ್ತು. ಬೀದಿ ಸುಮ್ಮನೆ ಅವರನ್ನು ಕರೆಯುವುದನ್ನು ಬಿಟ್ಟಿತು. 'ಬಂದ್ರು, ಹೋದ್ರು' ಎನ್ನುತ್ತಿದ್ದವರು 'ಬಂದ, ಹೋದ' ಎನ್ನತೊಡಗಿದರು. ಹತ್ತು ದಿನ ಕಳೆದು ಮಾಮ ತಾವಾಗಿಯೇ ಬಂದು ನಮ್ಮ ಬಾಗಿಲಲ್ಲಿ ನಿಂತರು.

"ಅಕ್ಕಾ, ಆ ಥರದ ಬೀರುಗಳಲ್ಲಿ ಲಾಕರ್ ಡ್ರಾಯರ್ ಹಿಂದೆ ಒಂದು ಸಂದು ಇರತ್ತೆ. ತುಂಬಾ ತುರುಕಿದ್ರೆ ಸಾಮಾನು ಹಿಂದಕ್ಕೆ ಜಾರಿ ತಳಕ್ಕೆ ಬೀಳತ್ತೆ. ಒಂದ್ಸಲ ಬಿಚ್ಚಿ ನೋಡ್ಲಾ? ನೀವೆಲ್ಲ ಸುತ್ತ ನಿಂತ್ಕೊಳ್ಳಿ."

ಅಪ್ಪ "ಬೇಡಪ್ಪ, ಇರಲಿ" ಎಂದು ಬಾಗಿಲು ಮುಂದೆ ಮಾಡಿದರು. ಅತ್ತೆ ಆ ಸಂಜೆಯೇ ತೀರ್ಪು ಕೊಟ್ಟರು: "ನೋಡಿದ್ರಾ? ಎಲ್ಲಿದೆ ಅಂತ ಅವನಿಗೆ ಹೇಗೆ ಗೊತ್ತು? ಕದ್ದಿದ್ದನ್ನ ತಂದಿಡೋಕೆ ದಾರಿ ಹುಡುಕ್ತಿದಾನೆ." ಎಲ್ಲರಿಗೂ ಅದು ಸರಿಯೆನಿಸಿತು. ನಮ್ಮ ಬುದ್ಧಿವಂತಿಕೆಗೆ ಏನು ಹೇಳೋಣ! ಆ ಡ್ರಾಯರನ್ನು ನಾವಾದರೂ ಬಿಚ್ಚಿ ನೋಡಲಿಲ್ಲ.

ಮುಂದಿನ ವಾರ ಮಾಮ ಜೇಬಿಲ್ಲದ ಅಂಗಿ ತೊಟ್ಟು ಅಂಗಡಿಯಲ್ಲಿ ಕುಳಿತಿದ್ದರು. ಕರವಸ್ತ್ರ ಹೆಗಲ ಮೇಲಿತ್ತು. ಬೀದಿ ಅದಕ್ಕೂ ಅರ್ಥ ಹಚ್ಚಿತು: ಮನಸ್ಸಿನಲ್ಲಿ ಅಳುಕಿಲ್ಲದಿದ್ದರೆ ಜೇಬು ಯಾಕೆ ಬಿಚ್ಚಿಸುತ್ತಿದ್ದ? ಬೀಗದ ಕೆಲಸ ಕಡಿಮೆಯಾದಂತೆ ಕೊಡೆ ರಿಪೇರಿ, ಸ್ಟೌ ರಿಪೇರಿ ಹಿಡಿದರು. ಕೊಡೆಗೆ ಯಾರ ಮನೆಯೊಳಗೂ ಹೋಗಬೇಕಿಲ್ಲ.

ನಾನೋ, ಶಾಲೆಯಲ್ಲಿ ಗೆಳತಿಯರಿಗೆ ಈ ಕಥೆ ಹೇಳಿ ಹೇಳಿ ಪಳಗಿದ್ದೆ. ಹದಿನಾಲ್ಕರ ಹೊತ್ತಿಗೆ ಕರವಸ್ತ್ರ ನನ್ನ ನೆನಪಿನಿಂದಲೇ ಬಿದ್ದುಹೋಗಿತ್ತು. ಕಣ್ಣು ಮುಚ್ಚಿದರೆ ಮಾಮನ ಕೈ ಬೀರುವಿನಿಂದ ಜೇಬಿಗೆ ಹೋಗುತ್ತಿತ್ತು. ನಾನು ಸುಳ್ಳು ಹೇಳುತ್ತಿರಲಿಲ್ಲ. ನನಗೆ ಹಾಗೆಯೇ ಕಾಣುತ್ತಿತ್ತು.

ಹೋದ ವರ್ಷ ಆ ಬೀರುವನ್ನು ಮಾರಿದೆವು. ಒಯ್ಯಲು ಬಂದವರು ಅದನ್ನು ಓರೆ ಮಾಡಿದಾಗ ತಳದಲ್ಲಿ ಏನೋ ಗಿಲಕಿಯ ಹಾಗೆ ಸದ್ದು ಮಾಡಿತು. ತಗಡು ಎಬ್ಬಿಸಿದರೆ ಸರ. ಧೂಳು ಹಿಡಿದಿತ್ತು, ಅಷ್ಟೇ. ಅಮ್ಮ ಅದನ್ನು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದಳು. ಆಮೇಲೆ, "ನಾವು ಅವನನ್ನ ಕಳ್ಳ ಅಂತ ಯಾವತ್ತಾದ್ರೂ ಅಂದ್ವಾ? ಅಂದಿದ್ರೆ ತಾನೇ ಈಗ ಹೋಗಿ ಇಲ್ಲ ಅನ್ನೋದು?" ಎಂದಳು. ಆ ಕ್ಷಣದಲ್ಲೇ ನನಗೆ ಆ ಕರವಸ್ತ್ರ ನೆನಪಾಯಿತು, ಅದರ ನೀಲಿ ಅಂಚಿನ ಸಮೇತ.

ಮಾರನೆಯ ದಿನವೇ ಮಾಮನ ಹತ್ತಿರ ಹೋದೆ. ಕಣ್ಣು ಮಂಜಾಗಿತ್ತು, ಬೆರಳಿನಲ್ಲೇ ತಡವಿ ಒಂದು ಕೊಡೆಯ ಕಡ್ಡಿ ಸೇರಿಸುತ್ತಿದ್ದರು. ಹೇಳಿದೆ.

"ಡ್ರಾಯರ್ ಹಿಂದೇನಾ?" ಎಂದರು.

"ಹೂಂ ಮಾಮ."

"ಹೇಳಿದ್ನಲ್ಲ." ಅವರ ಮುಖ ಒಂದು ಗಳಿಗೆ ಅರಳಿತು. ಲೆಕ್ಕ ಸರಿಬಂದ ಕೆಲಸಗಾರನ ಖುಷಿ ಅದು. ನಾನು ಅಳತೊಡಗಿದೆ. ಅವರು ಕೊಡೆಯನ್ನು ಪಕ್ಕಕ್ಕಿಟ್ಟರು.

"ಇದನ್ನ ನನಗ್ಯಾಕಮ್ಮ ಹೇಳ್ತೀಯ? ನಾನು ತಗೊಂಡಿಲ್ಲ ಅಂತ ನನಗೆ ಗೊತ್ತೇ ಇತ್ತಲ್ಲ. ಗೊತ್ತಿಲ್ದೆ ಇರೋರಿಗೆ ಹೇಳು. ಬೇಗ ಹೇಳಿದ್ರೆ ನನ್ನ ಕಿವಿಗೂ ಬೀಳತ್ತೆ."

ಹೇಳುತ್ತೇನೆ ಎಂದು ಬಂದೆ. ಮುಂದಿನ ವಾರ ಎಂದುಕೊಂಡೆ. ಅಮ್ಮನ ಮುಖ ನೋಡಿ ಇನ್ನೊಂದು ವಾರ ಎಂದುಕೊಂಡೆ. ಹೀಗೆ ಒಂದು ವರ್ಷ ಕಳೆಯಿತು. ಇದಕ್ಕೆ ನನಗೆ ಕ್ಷಮೆಯಿಲ್ಲ.

ಮಂಗಳವಾರ ಮಾಮನ ಮನೆಯ ಮುಂದೆ ಬೀದಿಯ ಜನ ಸೇರಿದ್ದರು. "ಪಾಪ, ಕೆಲಸಗಾರ. ಕೈಯೊಂದು ಶುದ್ಧ ಇರ್ಲಿಲ್ಲ" ಎಂದು ಯಾರೋ ಅಂದರು. ನಾನು ತಡೆಯಲಾರದೆ ಎಲ್ಲರೆದುರು ಹೇಳಿಬಿಟ್ಟೆ: ಸರ ಬೀರುವಿನಲ್ಲೇ ಇತ್ತು, ಮಾಮ ಮುಟ್ಟಿರಲಿಲ್ಲ. ಎದುರುಮನೆ ಅತ್ತೆ, ಈಗ ಕೋಲು ಹಿಡಿದಿರುವ ಅತ್ತೆ, ಹುಬ್ಬು ಗಂಟಿಕ್ಕಿದರು.

"ಯಾವ ಸರಾನೇ?"

ಅವರಿಗೆ ಸರವೇ ಮರೆತುಹೋಗಿತ್ತು. ನಾನು ನೆನಪಿಸಿದೆ. ಅತ್ತೆ ಸ್ವಲ್ಪ ಯೋಚಿಸಿ, "ಅದು ಹಾಗಿರ್ಲಿ ಬಿಡು. ಅವನು ಅಂಥವನೇ ಅಂತ ಎಲ್ರಿಗೂ ಗೊತ್ತಿದ್ದದ್ದೇ" ಎಂದರು.

"ಯಾರು ಹೇಳಿದ್ದು ಅತ್ತೆ?"

ಅತ್ತೆ ನಿಜವಾಗಿಯೂ ಆಶ್ಚರ್ಯದಿಂದ ನನ್ನನ್ನು ನೋಡಿದರು. "ನೀನೇ ಅಲ್ವೇನೇ? ಕಣ್ಣಾರೆ ನೋಡಿದೆ ಅಂದೋಳು?"

ಮಾಮನ ಹೆಂಡತಿ ಎದ್ದು ಹಗ್ಗದ ಮೇಲಿನ ಅಂಗಿಗಳನ್ನು ತೆಗೆದರು. ಮಡಿಸುತ್ತಾ, ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದರು:

"ಇವರು ನಿನ್ನನ್ನ ಯಾವತ್ತೂ ಬೈಲಿಲ್ಲಮ್ಮ. ಮಗು ಸುಳ್ಳು ಹೇಳಿಲ್ಲ, ಜೇಬಿಗೆ ಕೈ ಹಾಕಿದ್ದು ನಿಜ, ಬೆವರಿತ್ತು ಅಂತಿದ್ರು. ಯಾಕೆ ಕೈ ಹಾಕಿದ್ರು ಅಂತ ಒಬ್ರಾದ್ರೂ ಕೇಳಿದ್ರೆ, ಆ ಮಗು ಅದನ್ನೂ ಹೇಳ್ತಿತ್ತು ಅಂತಿದ್ರು."