ಬಗ್ಗಿ ದಾಟುವ ನಡಿಗೆ

ಕೆನಡಾದ ವಿನಿಪೆಗ್‌ನಲ್ಲಿ ಹದಿನೆಂಟು ತುಂಬಿದ ನಮ್ಮ ಫಿಲಿಪಿನೋ ಹುಡುಗಿಯರಲ್ಲಿ ಮರಿಲೂ ದಕನಾಯ್ ಕೈಲಿ ಬೈಸಿಕೊಳ್ಳದವರು ಕಡಿಮೆ. ಅವರ ಹುಟ್ಟುಹಬ್ಬಕ್ಕೆ ಕುಣಿತ ಕಲಿಸುವವಳು ಅವಳೇ. ಒಂಬತ್ತನೇ ವಯಸ್ಸಿಗೆ ಅಮ್ಮನ ಹಿಂದೆ ಇಲ್ಲಿಗೆ ಬಂದವಳಿಗೆ ಈಗ ನಲವತ್ತೆರಡು. ಈ ಸಲ ನಮ್ಮವರ ವಾರ್ಷಿಕ ಹಬ್ಬಕ್ಕೂ ಫಿಲಿಪಿನೋ ಸಂಘದವರು ಎಂದಿನ ಬಿದಿರುಕೋಲಿನ ಕುಣಿತವನ್ನೇ ಕೇಳಿದರು. ಅವಳು ಸೊಪ್ಪು ಹಾಕಲಿಲ್ಲ.

"ಬಿದಿರನ್ನ ನಾನು ಮೊದಲು ಮುಟ್ಟಿದ್ದೇ ಇಲ್ಲಿಗೆ ಬಂದ್ಮೇಲೆ, ತಾಲೀಮು ಮಾಡೋ ಈ ಚರ್ಚಿನ ನೆಲಮಾಳಿಗೇಲಿ. ನಮ್ಮ ಮೈಯಲ್ಲಿರೋದು ಬೇರೆ ಕಣ್ರೀ."

ಅವಳು ಆರಿಸಿಕೊಂಡದ್ದು ಒಂದು ನಡಿಗೆ. ಕೂತು ಮಾತಾಡುವವರ ನಡುವೆ ಹಾಯುವಾಗ ನಮ್ಮವರು ಸೊಂಟ ಬಗ್ಗಿಸಿ, ಒಂದು ಕೈ ಮುಂದೆ ಚಾಚಿ, ದಾರಿ ಕೇಳಿಕೊಂಡು ದಾಟುತ್ತಾರಲ್ಲ, ಅದು. ಇಲ್ಲೇ ಹುಟ್ಟಿದ ಮಕ್ಕಳೂ ಯಾರೂ ಹೇಳಿಕೊಡದೆ ಹಾಗೇ ದಾಟುತ್ತವೆ.

ಸುದ್ದಿ ಕೇಳಿ ಅವಳಮ್ಮ ಪುರಿತಾ ಕಿಡಿಕಿಡಿಯಾದಳು. ಇಪ್ಪತ್ತೆಂಟು ವರ್ಷ ಕಂಡವರ ಮನೆಯ ಮುದುಕರನ್ನು ಎತ್ತಿ ಇಳಿಸಿ ಸೊಂಟ ಕಳೆದುಕೊಂಡ ಹೆಂಗಸು. ನೇರ ತಾಲೀಮಿಗೇ ಬಂದು, ಎಲ್ಲರಿಗೆಂದು ಮಾಡಿ ತಂದಿದ್ದ ಪಾನ್ಸಿತ್ ಶಾವಿಗೆಯ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. ಸಿಟ್ಟು ಬಂದರೂ ಬರಿಗೈಲಿ ಬರುವ ಜನವಲ್ಲ ನಾವು.

"ನಾನು ಬಗ್ಗಿದ್ದು ಸಾಲ್ದಾ? ಅದನ್ನ ಸ್ಟೇಜ್ ಮೇಲೆ ಊರಿಗೆಲ್ಲ ತೋರಿಸ್ಬೇಕಾ? ಹಬ್ಬಕ್ಕೆ ನಾ ಬರಲ್ಲ, ಹೋಗು."

ಅಮ್ಮ ಬಾರದ ಹಬ್ಬದಲ್ಲಿ ಈ ಕುಣಿತ ಯಾರಿಗೆ ಬೇಕು? ಆದರೂ ಮರಿಲೂ ವಾದಕ್ಕಿಳಿಯಲಿಲ್ಲ. ಬೆರಳೆತ್ತದೆ, ನಮ್ಮವರ ರೂಢಿಯಂತೆ ತುಟಿ ಮುಂದೆ ಮಾಡಿಯೇ ನಡುವಿನ ಕುರ್ಚಿ ತೋರಿಸಿದಳು.

"ಅಲ್ಲಿ ಕೂತ್ಕೋ, ನಾನಯ್," ಎಂದಳು ಅಮ್ಮನಿಗೆ. "ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

ಕುಣಿತಕ್ಕೆ ಸೇರಿದ್ದ ಹನ್ನೊಂದು ಜನ ಒಬ್ಬರ ಹಿಂದೊಬ್ಬರು ಬಗ್ಗಿ, ಕೈ ಚಾಚಿ, ಅವಳೆದುರು ಹಾದರು. ಮೊದಲ ನಾಲ್ವರಿಗೆ ಪುರಿತಾ ಅಭ್ಯಾಸಬಲದಿಂದ ದಾರಿ ಬಿಟ್ಟು ಕಾಲು ಒಳಕ್ಕೆಳೆದುಕೊಂಡಳು. ಐದನೆಯವನಿಗೆ ಎಳೆದುಕೊಳ್ಳಲಿಲ್ಲ. ಎಂಟನೆಯವಳು ಬರುವಷ್ಟರಲ್ಲಿ ಅವಳ ಬೆನ್ನು ಕುರ್ಚಿಗೆ ಒರಗಿತ್ತು, ತೊಡೆಯ ಮೇಲಿದ್ದ ಕೈಚೀಲ ನೆಲಕ್ಕಿಳಿದಿತ್ತು. ಕಟ್ಟಕಡೆಗೆ ಮರಿಲೂ ದಾಟಿದಳು.

"ಇವರೆಲ್ಲ ಪರವಾಗಿಲ್ಲ," ಎಂದಳು ಪುರಿತಾ. ಮಗಳ ಕಡೆ ತಿರುಗಿ, "ನಿಂದು ಸಾಲ್ದು. ಕಲಿಸೋಳು ಅಂತ ಸೊಕ್ಕು. ಇನ್ನೊಂದ್ಸಲ ಬಾ."

ಮರಿಲೂ ಹಿಂದೆ ಹೋಗಿ, ಇನ್ನಷ್ಟು ಬಗ್ಗಿ ಬಂದಳು. ಪುರಿತಾ ಎರಡೂ ಕಾಲುಗಳನ್ನು ಉದ್ದಕ್ಕೆ ಚಾಚಿದಳು. ಮಗಳು ಸುತ್ತುಹಾಕಿಕೊಂಡು ಹೋಗಬೇಕಾಯಿತು.

"ಹಬ್ಬದ ದಿನ ನಂಗೆ ಇದಕ್ಕಿಂತ ಎತ್ತರದ ಕುರ್ಚಿ ತರ್ಸು," ಎಂದಳು ಅಮ್ಮ.