ಮಲಾಡಿನ ಮಣ್ಣಿಗೆ ಉಪ್ಪು ಹಾಕಿದ ಅಕ್ಕ

ಕುಂಡದ ಮಣ್ಣಿನ ಮೇಲೆ ಬೆಳ್ಳಗೆ ಪುಡಿ ಕಟ್ಟಿದ್ದನ್ನು ಕಂಡು ನಿಮ್ಮ ಎದೆ ಯಾವತ್ತಾದರೂ ಧಸಕ್ಕೆಂದಿದೆಯೇ? ನನಗೆ ಮೊನ್ನೆ ಬೆಳಿಗ್ಗೆ ಹಾಗಾಯಿತು. ಬಾಲ್ಕನಿಯ ಬಸಳೆ ಎಲೆಗಳ ಅಂಚು ಇಸ್ತ್ರಿಪೆಟ್ಟಿಗೆ ತಗುಲಿದ ಹಾಗೆ ಸುಟ್ಟಿತ್ತು. ಬುಡದಲ್ಲಿ ಬಿಳಿ ಪುಡಿ. ಚಿಟಿಕೆ ತೆಗೆದು ನಾಲಿಗೆಗೆ ಇಟ್ಟೆ.

"ಹುಚ್ಚ ಹಿಡದದ ಏನ ನಿನಗ?" ಎಂದ ಗಂಡ.

ಉಪ್ಪು! ಮಣ್ಣನ್ನು ನೆಕ್ಕಿ ನೋಡುವ ಈ ಹುಚ್ಚು ಹಿಡಿಸಿದ ಕೆಳಗಿನ ಮನೆಯ ಅಕ್ಕ ನೆನಪಾದರು...

ಮುಂಬಯಿಯ ಮಲಾಡಿನಲ್ಲಿ ಈಗ ನಮ್ಮ ಟವರ್ ನಿಂತಿರುವಲ್ಲೇ ಮೊದಲು ನಮ್ಮ ಹಳೆಯ ಬಿಲ್ಡಿಂಗ್ ಇತ್ತು. ಅಕ್ಕ ತಳಮಹಡಿ, ನಾನು ಅವರ ನೆತ್ತಿಯ ಮೇಲೆ. ಅವರು ಉಡುಪಿ ಕಡೆಯವರು, ನಾನು ಧಾರವಾಡದವಳು. ಬಿಲ್ಡಿಂಗಿನ ಹಿಂದೆ, ಅವರ ಅಡುಗೆಮನೆ ಕಿಟಕಿಗೆ ತಾಗಿದ ಒಂದು ಪಟ್ಟಿ ಜಾಗದಲ್ಲಿ ತೆಂಗಿನ ಸಸಿ ಮತ್ತು ಬಸಳೆ ನೆಟ್ಟಿದ್ದರು. ಎರಡೂ ಏಳುತ್ತಿರಲಿಲ್ಲ. ಸೊಸೈಟಿಯ ಸೆಕ್ರೆಟರಿಗೋ ಆ ಜಾಗದ ಮೇಲೆ ಕಣ್ಣು, ಬೈಕು ನಿಲ್ಲಿಸಬೇಕಿತ್ತಲ್ಲ.

"ಆಂಟಿ, ಗಣಪತಿ ತಕ್ ಹರಿಯಾಲಿ ದಿಖಾವ್. ನಹೀಂ ತೊ ಪೇವರ್ ಬ್ಲಾಕ್," ಎಂದು ಗಡುವು ಕೊಟ್ಟೇಬಿಟ್ಟರು. ಗಣಪತಿ ಹಬ್ಬದೊಳಗೆ ಹಸಿರು ಕಾಣದಿದ್ದರೆ ನೆಲಕ್ಕೆ ಸಿಮೆಂಟ್ ಇಟ್ಟಿಗೆ ಹಾಸಿಬಿಡುತ್ತಾರಂತೆ!

ಅಕ್ಕನಿಗೆ ನಿದ್ದೆ ಹಾರಿತು. ಗಂಡ ಹೋಟೆಲಿಗೆ ಹೋದರೆ ಮತ್ತೆ ಮುಖ ಕಾಣುತ್ತಿದ್ದುದು ರಾತ್ರಿಯೇ. ದಿನವಿಡೀ ಅವರಿಗಿದ್ದದ್ದು ಆ ಪಟ್ಟಿ ಜಾಗ ಒಂದೇ. ಗಾಬರಿಯಲ್ಲಿ ಊರಲ್ಲಿ ಮಾಡುವುದನ್ನೇ ಮಾಡಿದರು. ಬುಡ ಬಿಡಿಸಿ ಕಲ್ಲುಪ್ಪು ಸುರಿದರು.

"ಅಕ್ಕಾ, ಉಪ್ಪ ಸಾರಿಗೆ ಹಾಕೂದಲ್ರೀ?"

"ತೆಂಗಿಗೆ ಉಪ್ಪು ಹಾಕದೆ ಇರ್ತಾರಾ ಮಾರಾಯ್ತಿ? ನಿಮ್ಮ ಧಾರವಾಡದಲ್ಲಿ ತೆಂಗು ಎಲ್ಲುಂಟು, ನಿಂಗೆಂತ ಗೊತ್ತು!"

ಬೇಸಿಗೆಯ ಬಿಸಿಲು ಏರುತ್ತಿದ್ದಂತೆ ಸಸಿಯ ಗರಿ ತುದಿಯಿಂದ ಒಣಗತೊಡಗಿತು. ಪಕ್ಕದ ಬಸಳೆ ಕರಗಿಯೇಹೋಯಿತು. ಅಕ್ಕ ಕೊಳವೆಬಾವಿಯ ಬೋರಿಂಗ್ ನೀರನ್ನು ಬಕೆಟ್ಟುಗಟ್ಟಲೆ ಹೊಯ್ದರು. ನೀರು ಆರಿದ ಮೇಲೆ ನೆಲವೆಲ್ಲ ಹಪ್ಪಳದ ಮೇಲಿನ ಉಪ್ಪಿನ ಹಾಗೆ ಬೆಳ್ಳಗಾಯಿತು. ಉಪ್ಪು ಹಾಕದ ಮೂಲೆಯೂ ಬೆಳ್ಳಗೆ! ಅಕ್ಕ ಆ ಮೂಲೆಯ ಮಣ್ಣು ತೆಗೆದು ನಾಲಿಗೆಗೆ ಇಟ್ಟರು. ಆಮೇಲೆ ಬಕೆಟ್ಟಿನ ನೀರನ್ನೂ. ಎರಡೂ ಉಪ್ಪು!

"ಇಲ್ಲಿ ಮೊದಲು ಎಂತ ಇತ್ತು?" ಎಂದು ಬಿಲ್ಡಿಂಗಿನ ಹಳಬರನ್ನು ಕೇಳಿದರು. ಖಾಡಿ ಇತ್ತು, ಸಮುದ್ರದ ನೀರು ಒಳಗೆ ಬರುತ್ತಿತ್ತು, ರಾಡಿ-ಕಲ್ಲು ತುಂಬಿ ಕಟ್ಟಿದ್ದು ಎಂದರು ಅವರು.

"ಅಯ್ಯೋ, ಸಮುದ್ರಕ್ಕೇ ಉಪ್ಪು ಹಾಕಿದೆನಲ್ಲ ಮಾರಾಯ್ತಿ..."

ಆವತ್ತಿನಿಂದ ಬೋರಿಂಗ್ ನೀರು ಬಂದ್. ಮೇಲಿನ ಬಿಳಿ ಪದರವನ್ನು ಕೆರೆದು ಬುಟ್ಟಿಯಲ್ಲಿ ಹೊತ್ತು ಹಾಕಿದರು. ಮಣ್ಣನ್ನು ಆಳಕ್ಕೆ ಸಡಿಲ ಮಾಡಿ, ಗಟಾರದ ಕಡೆಗೆ ಸಣ್ಣ ಕಾಲುವೆ ತೆಗೆದರು. ಮಳೆ ಸುರಿದು ಉಪ್ಪನ್ನು ತೊಳೆದುಕೊಂಡು ಹೋಗಬೇಕು, ಆಮೇಲೆಯೇ ನೆಡುವುದು. ಆದರೆ ಆ ವರ್ಷ ಮಳೆಯೂ ಸತಾಯಿಸಿತು. ಕಿಟಕಿ ಸರಳು ಹಿಡಿದು ಆಕಾಶ ನೋಡುತ್ತ ನಿಲ್ಲುತ್ತಿದ್ದರು. ಮೇಲಿನಿಂದ ನಾನೂ ನೋಡುತ್ತಿದ್ದೆ. ಪೇವರ್ ಬ್ಲಾಕುಗಳು ಗೇಟಿನ ಬಳಿ ಬಂದು ಬಿದ್ದಿದ್ದವು.

ಕೊನೆಗೂ ಸುರಿಯಿತು. ದಿನಕ್ಕೊಮ್ಮೆ ನೆನೆಯುತ್ತ ಹೋಗಿ ಮಣ್ಣು ನೆಕ್ಕಿ, ತಲೆಯಾಡಿಸಿ ವಾಪಸು ಬರುತ್ತಿದ್ದರು. ಒಂದು ದಿನ ಅಲ್ಲಿಂದಲೇ ಕೂಗಿದರು: "ಸಪ್ಪೆ ಆಯ್ತು! ಇಳಿ ಕೆಳಗೆ!"

ತೆಂಗು ಉಳಿಯಲಿಲ್ಲ. ಹೊಸದಾಗಿ ನೆಟ್ಟ ಬಸಳೆ ಕಡ್ಡಿಗಳು ಮಾತ್ರ ಗಣಪತಿ ಬರುವಷ್ಟರಲ್ಲಿ ಕಿಟಕಿ ಸರಳು ಹಿಡಿದಿದ್ದವು. ಸೆಕ್ರೆಟರಿ ಬಂದು ಎಲೆ ಮುಟ್ಟಿ, "ಪಾಲಕ್ ಹೈ ಕ್ಯಾ?" ಎಂದರು.

ಅಕ್ಕ ನನ್ನ ಕಡೆ ತಿರುಗಿ, "ಪಾಲಕ್ ಅಂತೆ! ಬಾಯ್ ಮುಚ್ಚಿ ತಿನ್ನು ಅಂತ ಹಿಂದಿಯಲ್ಲಿ ಹೇಗೆ ಹೇಳುದು?" ಎಂದು ಕೇಳಿದರು. ಬ್ಲಾಕುಗಳು ಬೇರೆಲ್ಲೋ ಹೋದವು.

ಆಮೇಲಿನ ವರ್ಷಗಳಲ್ಲಿ ಎಷ್ಟು ಬಸಳೆ ತಿಂದೆವೋ... ಕೊನೆಗೆ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಯಿತು; ಅದನ್ನು ಕೆಡವಿ ಟವರ್ ಕಟ್ಟುವವರೆಗೆ ಎಲ್ಲರೂ ಬಾಡಿಗೆ ಮನೆಗೆ. ಖಾಲಿ ಮಾಡುವ ದಿನ ಅಕ್ಕ ಒಂದು ಕಡ್ಡಿ ಮುರಿದು ನನ್ನ ಕೈಗಿಟ್ಟರು. "ಮಣ್ಣು ಹೊತ್ತುಕೊಂಡು ಹೋಗ್ಲಿಕ್ಕೆ ಆಗ್ತದಾ? ಇದಾದ್ರೂ ಇರ್ಲಿ. ಹೊಸ ಮನೆಗೆ ಬಂದ ಮೇಲೆ ನನಗೂ ಒಂದು ಕಡ್ಡಿ ಕೊಡು."

ಅವರು ಬರಲಿಲ್ಲ. ಹೊಸ ಮನೆಯ ಬೀಗದ ಕೈ ಸಿಗುವ ಮೊದಲೇ ಬಾಡಿಗೆ ಮನೆಯಲ್ಲಿ ತೀರಿಕೊಂಡರು. ಅವರು ಮಳೆಯಲ್ಲಿ ತೊಳೆದು ತೊಳೆದು ಸಪ್ಪೆ ಮಾಡಿಟ್ಟ ಮಣ್ಣನ್ನು ಜೆಸಿಬಿ ಅಗೆದು ಎಲ್ಲಿ ಸುರಿಯಿತೋ. ಈಗ ಅಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್. ಬೈಕುಗಳೇ ನಿಂತಿವೆ.

ಮೊನ್ನೆ ಸುಟ್ಟದ್ದು ಆ ಕಡ್ಡಿಯಿಂದ ಬಂದ ಬಳ್ಳಿ. ನನ್ನ ಹತ್ತಿರ ಉಳಿದಿರುವುದು ಅದೊಂದೇ. ಟ್ಯಾಂಕರಿನ ಸವಳು ನೀರು ಹೊಯ್ಯುವುದನ್ನು ನಿಲ್ಲಿಸಿದ್ದೇನೆ. ಬಿಳಿ ಪದರ ಕೆರೆದು, ಕುಂಡದ ತಳದ ತೂತು ಬಿಡಿಸಿ, ಮಳೆ ಬೀಳುವ ಕಡೆಗೆ ಸರಿಸಿ ಇಟ್ಟಿದ್ದೇನೆ. ಮೋಡ ಮಾತ್ರ ಇನ್ನೂ ಬಂದಿಲ್ಲ. ಗ್ರಿಲ್ ಹಿಡಿದು ಆಕಾಶ ನೋಡುತ್ತಿದ್ದೇನೆ. ಸಪ್ಪೆ ಆಯಿತೋ ಇಲ್ಲವೋ ಎಂದು ಕೂಗಿ ಕೇಳೋಣವೆಂದರೆ ಕೆಳಗಿನ ಮನೆಯಲ್ಲಿ ಅಕ್ಕ ಇಲ್ಲ...

ನಿಮ್ಮ ಬಾಲ್ಕನಿಯ ಮಣ್ಣಿಗೂ ಹೀಗೆ ಆಗಿತ್ತೇ? ಗಿಡ ಉಳಿಯಿತೇ? ಅದನ್ನು ನಿಮಗೆ ಕೊಟ್ಟವರು ಯಾರು? ಕೆಳಗೆ ಬರೆಯಿರಿ. ಮಳೆ ಬರುವವರೆಗೆ ಒಂದೊಂದನ್ನೂ ಓದುತ್ತ ಕೂತಿರುತ್ತೇನೆ.