ದಿಣ್ಣೆಯ ಆಚೆಗಿನ ಹಳ್ಳ

"ಹಿಂದೆ ತಿರುಗ್ಸು ಮಾರಾಯ. ಇದು ಇವತ್ತು ದಾರಿ ಬಿಡೋ ಮಣ್ಣಲ್ಲ" ಎಂದ ಚಿಕ್ಕಪ್ಪ.

ಧರೆ ಜರಿದು ಕಳಸದ ರಸ್ತೆ ಮುಚ್ಚಿತ್ತು. ಮಣ್ಣಿನ ಮೇಲೆ ಎರಡು ಮರ ಅಡ್ಡ ಬಿದ್ದಿದ್ದವು. ಚಿಕ್ಕಪ್ಪನ ಮಡಿಲಲ್ಲಿ ಅಪ್ಪನ ಬೂದಿಯ ಮಡಕೆ ಇತ್ತು. ಅದನ್ನು ಕಳಸದಲ್ಲಿ ಭದ್ರೆಗೆ ಬಿಡಬೇಕಿತ್ತು. ಜೀಪು ಎಸ್ಟೇಟಿನದು, ನಾನು ಅದರ ಡ್ರೈವರ್. ಸಂಜೆಯೊಳಗೆ ವಾಪಸ್ ನಿಲ್ಲಿಸಬೇಕಿತ್ತು.

ಸಾಯುವ ಮೊದಲು ಅಪ್ಪ ಕೇಳಿದ್ದು ಒಂದೇ. "ನಿಮ್ಮಮ್ಮನ್ನ ಬಿಟ್ಟ ಕಡೆನೇ ನನ್ನೂ ಬಿಡು. ಅವ್ಳಿಗೆ ದಾರಿ ಗೊತ್ತಾಗಲ್ಲ."

ಅದು ನಿಜ. ಕಳಸದ ಸಂತೆಯಲ್ಲಿ ಎರಡು ಅಂಗಡಿ ದಾಟಿದರೆ ಬಸ್‌ಸ್ಟ್ಯಾಂಡ್ ಯಾವ ಕಡೆ ಎಂಬುದು ಅಮ್ಮನಿಗೆ ಮರೆತುಹೋಗುತ್ತಿತ್ತು. ಅಪ್ಪ ಹುಡುಕಿಕೊಂಡು ಬರುವವರೆಗೆ ನಿಂತಲ್ಲೇ ನಿಂತಿರುತ್ತಿದ್ದಳು.

"ನಿನ್ನ ಕೊರಳಿಗೆ ದನದ ಗಂಟೆ ಕಟ್ಬೇಕು" ಎನ್ನುತ್ತಿದ್ದ.

"ಕಟ್ಟಿ. ಹುಡುಕೋರು ನೀವೇ ಅಲ್ವಾ" ಎನ್ನುತ್ತಿದ್ದಳು.

ಅವಳ ಬೂದಿ ಬಿಟ್ಟ ದಿನ ಅಪ್ಪ ನೀರಿನ ಪಕ್ಕ ಕೂತು ಹೊಳೆಯ ದಾರಿ ಹೇಳಿದ. ಮರದ ಲಾರಿಯಲ್ಲಿ ಲೋಡಿಂಗಿಗೆ ಹೋಗುತ್ತಿದ್ದವನು, ಎಲ್ಲ ಗೊತ್ತಿತ್ತು. ಬಾಳೆಹೊಳೆ, ಮಾಗುಂಡಿ, ಬಾಳೆಹೊನ್ನೂರು, ಖಾಂಡ್ಯ, ಆಮೇಲೆ ಲಕ್ಕವಳ್ಳಿ ಡ್ಯಾಮು. "ಡ್ಯಾಮಲ್ಲಿ ನೀರು ನಿಂತಿರ್ತದೆ. ಅಲ್ಲೇ ನಿಂತ್ಕೊಂಡಿರು" ಎಂದ. ಅದು ನನಗೆ ಹೇಳಿದ್ದಲ್ಲ.

ಜೀಪು ತಿರುಗಿಸಿದೆ. ಮಡಕೆಯನ್ನು ಮರಕ್ಕೆ ಕಟ್ಟಿಟ್ಟು, ರಸ್ತೆ ಬಿಟ್ಟ ಮೇಲೆ ತೆಗೆದುಕೊಂಡು ಹೋಗೋಣ ಎಂದೆ.

"ಮಂಗ ಎಳ್ದು ಹಾಕ್ತವೆ. ಈ ಗುಡ್ಡದ ನೀರೆಲ್ಲ ಕೊನೆಗೆ ಸೇರೋದು ಭದ್ರೆಗೇ. ಯಾವ್ದಾದ್ರೂ ಹಳ್ಳಕ್ಕೆ ಬಿಡು, ಅವ್ನೇ ಹೋಗ್ತಾನೆ. ದಾರಿ ಗೊತ್ತಿದ್ದೋನು" ಎಂದ ಚಿಕ್ಕಪ್ಪ.

ನನಗೂ ಸರಿ ಎನಿಸಿತು. ಸರಿ ಎನಿಸಿದ್ದಕ್ಕಿಂತ ಹೊತ್ತಾಗುತ್ತಿತ್ತು ಎನ್ನುವುದೇ ನಿಜ.

ಮೊದಲ ಮೋರಿಯ ಹತ್ತಿರ ಬಿದಿರು ಮೆಳೆ ಬಿದ್ದು ಹಳ್ಳಕ್ಕೆ ಇಳಿಯಲು ಜಾಗ ಇರಲಿಲ್ಲ. ಜೀಪಿನಲ್ಲೇ ದಿಣ್ಣೆ ಹತ್ತಿ ಆಚೆ ಇಳಿದೆ. ಒಂದು ಫರ್ಲಾಂಗೂ ಇಲ್ಲ, ಇನ್ನೊಂದು ಮೋರಿ. ಪಕ್ಕದಲ್ಲಿ ಚಪ್ಪಟೆ ಕಲ್ಲಿತ್ತು. ಮಂಜಿನಲ್ಲಿ ನೀರು ಯಾವ ಕಡೆ ಹೋಗುತ್ತಿದೆ ಎಂದೂ ಕಾಣುತ್ತಿರಲಿಲ್ಲ. ಮಡಕೆ ಬಗ್ಗಿಸಿದೆ.

ಗಂಡನ ಮನೆಯಿಂದ ಅಕ್ಕನಿಗೆ ಬರಲಾಗಿರಲಿಲ್ಲ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. "ಅಮ್ಮನ ಜೊತೆ ಸೇರಿಸಿದ್ಯಾ?" ಎಂದು ಕೇಳಿದಳು. ಹೂಂ ಎಂದೆ.

ಮಳೆ ಮುಗಿದ ಮೇಲೆ ಘಟ್ಟದ ಕೆಳಗಿನ ಮುದುಕರೊಬ್ಬರು ನನ್ನ ಜೀಪು ಹತ್ತಿದ್ದರು. ರೇಡಿಯೇಟರಿಗೆ ನೀರು ಹಾಕಲು ಅದೇ ಕಲ್ಲಿನ ಹತ್ತಿರ ನಿಲ್ಲಿಸಿದೆ. ಅವರು ಇಳಿದು ಮುಖ ತೊಳೆದರು.

"ಇದು ನಮ್ಮ ಊರಿಗೇ ಬರುವ ನೀರು ಮಾರಾಯ್ರೆ. ಕೆಳಗೆ ನೇತ್ರಾವತಿಗೆ ಸೇರುವುದು" ಎಂದರು.

"ಭದ್ರೆಗಲ್ವಾ?"

"ಎಂತ ಭದ್ರೆ? ಭದ್ರೆಗೆ ಹೋಗುವುದು ದಿಣ್ಣೆಯ ಆಚೆಯದ್ದು."

ಆಗ ನೆನಪಾಯಿತು. ನಾನು ಚಿಕ್ಕವನಿದ್ದಾಗ ಅಪ್ಪ ಅದೇ ದಿಣ್ಣೆಯ ಮೇಲೆ ಉಚ್ಚೆಗೆ ನಿಂತು ಹೇಳುತ್ತಿದ್ದ, "ಈ ಕಡೆ ತಿರುಗಿದ್ರೆ ಕಳಸಕ್ಕೆ, ಆ ಕಡೆ ತಿರುಗಿದ್ರೆ ಮಂಗಳೂರಿಗೆ." ನಗಿಸಲು ಹೇಳುತ್ತಾನೆ ಅಂದುಕೊಂಡಿದ್ದೆ.

ಭಾನುವಾರ ಆ ಹಳ್ಳ ಹಿಡಿದು ನಡೆದೆ. ಎಲ್ಲಾದರೂ ತಿರುಗಬಹುದು ಎಂದು ನೋಡಿದೆ. ತಿರುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೀರು ಘಟ್ಟದ ಅಂಚಿನಿಂದ ಪಡುವಣಕ್ಕೆ ಬಿತ್ತು. ಭದ್ರೆ ನನ್ನ ಬೆನ್ನ ಹಿಂದೆ ಇತ್ತು. ಅಲ್ಲೇ ಕೂತು ಅತ್ತೆ.

ಚಿಕ್ಕಪ್ಪನಿಗೆ ಹೇಳಿದೆ. "ಅಕ್ಕಂಗೆ ಹೇಳ್ಬೇಡ" ಎಂದ.

ಹೇಳಿಲ್ಲ. ಅಕ್ಕ ವರ್ಷಕ್ಕೊಮ್ಮೆ ಬರುತ್ತಾಳೆ. ಕಳಸಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಒಂದೇ ಬಾಳೆಲೆಯಲ್ಲಿ ಎರಡು ಎಡೆ ಇಟ್ಟು ನೀರಿಗೆ ಬಿಡುತ್ತಾಳೆ.

"ಈಗ ಡ್ಯಾಮ್ ಹತ್ರ ಇಬ್ರೂ ಸಿಕ್ಕಿರ್ತಾರೆ ಅಲ್ವಾ?" ಎಂದು ಹೋದ ಸಲ ಕೇಳಿದಳು.

"ಸಿಕ್ಕಿರ್ತಾರೆ" ಎಂದೆ.

ಅಮ್ಮ ಇನ್ನೂ ಡ್ಯಾಮಲ್ಲಿ ಒಬ್ಬಳೇ ನಿಂತಿದ್ದಾಳೆ.